ಕೈ ಇರುವಲ್ಲಿ ಮನಸ್ಸಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಎಂಟೂವರೆ. ಈ ಹೊತ್ತಿಗೆ ನಿಮ್ಮ ರೇಡಿಯೋ ಎಲ್ಲಿದೆ ಅಂತ ನನಗೆ ಗೊತ್ತು. ಅಡುಗೆಮನೆ ಕಿಟಕಿಯ ಹತ್ತಿರ, ಉಪ್ಪಿನ ಡಬ್ಬದ ಪಕ್ಕ. ಇಲ್ಲವೇ ಟೈಲರ್ ಅಂಗಡಿಯಲ್ಲಿ, ದಾರದ ಉಂಡೆಗಳ ಮಧ್ಯೆ. ಅಡುಗೆಮನೆಯಲ್ಲಿರುವವರು ಹುರುಳಿಕಾಯಿ ನಾರು ತೆಗೆಯುತ್ತಿರುತ್ತೀರಿ. ಒಲೆ ಮೇಲೆ ಕುಕ್ಕರ್ ಕೂತಿರುತ್ತದೆ. ಒಂದು ಪ್ರಶ್ನೆ ಕೇಳಲಾ? ಅದು ಇಲ್ಲಿಯ ತನಕ ಎಷ್ಟು ಸಲ ಕೂಗಿತು?

ಎರಡೋ, ಮೂರೋ. ಗೊತ್ತಾಗಲಿಲ್ಲ, ಅಲ್ವಾ? "ಪುಟ್ಟೀ, ಎಷ್ಟು ಕೂಗಿತೇ?" ಅಂತ ಮಗಳನ್ನು ಕೇಳುತ್ತೀರಿ. ಅವಳು ಫೋನಿನಿಂದ ತಲೆ ಎತ್ತದೆ "ಯಾವುದು?" ಅನ್ನುತ್ತಾಳೆ. ಮನೆಯಲ್ಲಿ ನಾಲ್ಕು ಜನ, ಎಂಟು ಕಿವಿ. ಬೀದಿ ಕೊನೆಗೆ ಕೇಳುವ ಹಾಗೆ ಕೂಗಿದ ಕುಕ್ಕರನ್ನು ಎಣಿಸಿದವರು ಒಬ್ಬರೂ ಇಲ್ಲ.

ಇವತ್ತು ನನಗೆ ಕೊಟ್ಟಿರುವ ವಿಷಯ "ದಿನನಿತ್ಯದ ಬದುಕಿನಲ್ಲಿ ನೆಮ್ಮದಿ". ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವಳು. ಈಗ ವಾರಕ್ಕೆ ಎರಡು ದಿನ ಆಪ್ತ ಸಲಹೆಗೆ ಕೂರುತ್ತೇನೆ. ಇಷ್ಟು ವರ್ಷದಲ್ಲಿ ಕಲಿತದ್ದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಸ್ಟೇಷನ್ ಬದಲಾಯಿಸಿ. ಕೈ ಇರುವಲ್ಲಿ ಮನಸ್ಸಿರಲಿ. ಅಷ್ಟೇ.

ಇಷ್ಟೇನಾ ಅಂತ ಮುಖ ಸಪ್ಪಗಾಯಿತೇನೋ. ನನ್ನ ಹತ್ತಿರ ಬರುವವರಿಗೂ ಹಾಗೇ ಆಗುತ್ತದೆ. "ಮೇಡಂ, ಕೊಡಗಿನ ಹೋಂಸ್ಟೇನಲ್ಲಿ ಮೂರು ದಿನ ಇದ್ದೆವು. ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ! ಮನೆಗೆ ಬಂದ ತಕ್ಷಣ ಮತ್ತೆ ಅದೇ ಗೋಳು" ಅನ್ನುತ್ತಾರೆ. ಅಲ್ಲ, ಕೊಡಗಿನಲ್ಲಿ ತಿಂಡಿ ಮಾಡಿ ಕೊಟ್ಟವರು ಬೇರೆಯವರು ತಾನೇ? ಅಲ್ಲಿ ನೆಮ್ಮದಿಯಾಗಿರುವುದು ಏನು ಮಹಾ! ನಮ್ಮ ಬದುಕು ನಡೆಯುವುದು ಮಂಗಳವಾರ ಬೆಳಿಗ್ಗೆ, ನೀರಿನ ಮೋಟರ್ ಕೈಕೊಟ್ಟಾಗ, ಮಗುವಿನ ಒಂದು ಸಾಕ್ಸ್ ಸಿಗದೇ ಇದ್ದಾಗ. ನೆಮ್ಮದಿ ಬೇಕಾಗಿರುವುದು ಅಲ್ಲಿ.

ಮನಃಶಾಸ್ತ್ರದವಳಿಗೆ ರೇಡಿಯೋದಲ್ಲೇನು ಕೆಲಸ ಅನ್ನಬೇಡಿ. ಮೈಸೂರಿನಲ್ಲಿ ರೇಡಿಯೋ ಶುರು ಮಾಡಿದ್ದೇ ಮನಃಶಾಸ್ತ್ರದ ಮೇಷ್ಟ್ರು. ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ನಿಲಯ ನಡೆಸಿದರು. ಆ ನಿಲಯದ ಹೆಸರೇ ಆಕಾಶವಾಣಿ. ಆಗೆಲ್ಲ ಬೀದಿಗೆ ಒಂದು ರೇಡಿಯೋ ಇದ್ದರೆ ಹೆಚ್ಚು. ನಮ್ಮಜ್ಜಿ ಹೇಳುತ್ತಿದ್ದರು, ರೇಡಿಯೋ ಇದ್ದವರ ಮನೆಗೆ ಹೋಗಿ ಜಗಲಿ ಮೇಲೆ ಕೂತು ಕೇಳುತ್ತಿದ್ದರಂತೆ. ಕೇಳುವ ಹೊತ್ತಿನಲ್ಲಿ ಕೇಳುವುದು ಮಾತ್ರ. ಯಾರಾದರೂ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರಂತೆ!

ಇನ್ನು ನನ್ನ ಕಥೆ. ಇದನ್ನು ಕೇಳಿ ಕೇಳಿ ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದೆ. ಆದರೂ ಹೇಳದೆ ಇರಲಾರೆ.

ನಮ್ಮ ತಂದೆಯವರದ್ದೊಂದು ಎಚ್‌ಎಂಟಿ ಜನತಾ ವಾಚು. ಕೀ ಕೊಡುವಂಥದ್ದು. 1961ರಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದರಲ್ಲ, ಅಲ್ಲಿಂದ ಮುಂದೆ ನಮ್ಮ ಮನೆತನದಲ್ಲಿ ಮದುವೆ ಗಂಡಿನ ಕೈಗೆ ಅದೇ ವಾಚು. ಅಪ್ಪ ಹೋದ ಮೇಲೆ ಅದು ಬೀರುವಿನಲ್ಲಿ ಬಿದ್ದಿತ್ತು. ಒಂದು ದಿನ ಆಸೆಯಾಗಿ ಕೀ ಕೊಟ್ಟರೆ ಓಡಲಿಲ್ಲ. ದೊಡ್ಡ ಗಡಿಯಾರದ ಹತ್ತಿರದ ಓಣಿಗೆ ತೆಗೆದುಕೊಂಡು ಹೋದೆ. ಅಲ್ಲೊಬ್ಬರು ವಾಚ್ ರಿಪೇರಿ ಮಾಡುವ ಅಜ್ಜ. ಅಂಗಡಿ ಅಂದರೆ ಒಂದು ಟೇಬಲ್ಲು, ಒಂದು ಬಲ್ಬು, ಗಿರಾಕಿಗೆ ಒಂದು ಸ್ಟೂಲು. ಏಪ್ರಿಲ್ ತಿಂಗಳ ಧಗೆ. ತಲೆ ಮೇಲೆ ಫ್ಯಾನ್ ಇತ್ತು, ಹಾಕಿರಲಿಲ್ಲ.

ಅವತ್ತಿನ ನನ್ನ ಅವತಾರ ಕೇಳಿ. ಬ್ಯಾಗಿನ ತುಂಬ ತಿದ್ದಬೇಕಾದ ಉತ್ತರಪತ್ರಿಕೆಗಳು. ಸಿಲಿಂಡರ್ ಬುಕ್ ಮಾಡಬೇಕು. ಮಗನ ಫೀಸಿಗೆ ಅವತ್ತೇ ಕೊನೇ ದಿನ. ಮನೆಯಲ್ಲಿ ಅತ್ತೆ ಮಾವನ ಷಷ್ಟಿಪೂರ್ತಿ ತಯಾರಿ. ಕಿವಿಗೂ ಹೆಗಲಿಗೂ ಮಧ್ಯೆ ಫೋನು, ಆ ಕಡೆ ನಾದಿನಿ. ನಾನು ವಾಚನ್ನು ಟೇಬಲ್ ಮೇಲಿಟ್ಟು "ಸ್ವಲ್ಪ ಬೇಗ ನೋಡಿ, ಅರ್ಜೆಂಟಿದೆ" ಅಂದೆ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ವಾಚು ಅದೇನು ಅರ್ಜೆಂಟೋ!

ಅಜ್ಜ ತಲೆ ಎತ್ತಲಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೇರೆಯವರ ವಾಚಿನಲ್ಲಿ ಮುಳುಗಿದ್ದರು. ಹತ್ತು ನಿಮಿಷ ಹಾಗೇ. ಮುಗಿಸಿದರು. ಹಿಂದಿನ ಮುಚ್ಚಳ ಒತ್ತಿದರು. ಕಿವಿಗೆ ಹಿಡಿದು ಕೇಳಿದರು. ಚೀಟಿ ಕಟ್ಟಿ ಡ್ರಾಯರಿಗೆ ಹಾಕಿದರು. ಮಸೂರ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ "ಹೇಳಿ ಮೇಡಮ್ಮೋರೆ" ಅಂದರು. ಆಗ ನಾನು ಮಾಡಿದ್ದೇನು? "ಒಂದ್ನಿಮಿಷ" ಅಂತ ಅವರಿಗೇ ಕೈ ತೋರಿಸಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆ.

ವಾಚು ಬಿಚ್ಚಿದರು. ಒಳಗೆ ಎಣ್ಣೆ ಒಣಗಿದೆ ಅಂದರು. ಒಂದೊಂದೇ ಭಾಗ ತೆಗೆದು ಬಟ್ಟಲಿಗೆ ಹಾಕಿ, ಮೇಲೆ ಗಾಜು ಮುಚ್ಚುತ್ತಿದ್ದರು. ನಾನು ಇತ್ತ ಕಡೆ "ಐವತ್ತು ಹೋಳಿಗೆ ಎಲ್ಲಿ ಸಾಲುತ್ತೆ, ನೂರು ಹೇಳು" ಅಂತ ಕೈ ಬೀಸಿದೆ. ಬ್ಯಾಗು ಟೇಬಲ್ಲಿಗೆ ಬಡಿಯಿತು. ಅಜ್ಜನ ಚಿಮುಟದ ತುದಿಯಲ್ಲಿದ್ದ ಸ್ಕ್ರೂ ಹಾರಿ ಹೋಯಿತು. ಸಾಸಿವೆ ಕಾಳಿಗಿಂತ ಚಿಕ್ಕದು. ಬಿದ್ದ ಸದ್ದೂ ಬರಲಿಲ್ಲ.

ಬೈಯಲಿಲ್ಲ ಅವರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಲ್ಲಾಡಬೇಡಿ" ಅಂದರು, ಅಷ್ಟೇ. ಆಮೇಲೆ ಒಂದು ಅಯಸ್ಕಾಂತಕ್ಕೆ ಪೇಪರ್ ಸುತ್ತಿ, ನೆಲಕ್ಕೆ ಕೂತು, ಗೋಡೆಯಿಂದ ಶುರು ಮಾಡಿ ಸಾಲು ಸಾಲಾಗಿ ಎಳೆದರು, ಹೊಲ ಉಳುವ ಹಾಗೆ. ನನ್ನ ಕೈಗೆ ಟಾರ್ಚ್ ಕೊಟ್ಟರು. ನಾನು ನಿಂತುಕೊಂಡೇ ಬೆಳಕು ಬಿಟ್ಟೆ. "ಹಂಗಲ್ಲಮ್ಮ, ಟಾರ್ಚನ್ನ ನೆಲದ ಮೇಲೆ ಮಲಗಿಸಿ ಬಿಡಿ. ಚಿಕ್ಕ ವಸ್ತು ಕಾಣಲ್ಲ, ಅದರ ನೆರಳು ಕಾಣುತ್ತೆ" ಅಂದರು. ಸೀರೆ ಸೆರಗು ಸಿಕ್ಕಿಸಿ ನಾನೂ ಕೂತೆ. ಹಳೇ ಕೆಂಪು ಗಾರೆ ನೆಲ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರೆ ಅದೊಂದು ಬೇರೆ ಊರೇ. ಬಿರುಕುಗಳು, ಮರಳಿನ ಕಣ, ಇರುವೆ ಹೊತ್ತೊಯ್ಯುತ್ತಿದ್ದ ಸಕ್ಕರೆ ಹರಳು, ಎಲ್ಲಕ್ಕೂ ಉದ್ದುದ್ದ ನೆರಳು. ಒಂದೊಂದನ್ನೂ ನೋಡಿ, ಅಲ್ಲ, ಇದಲ್ಲ, ಇದೂ ಅಲ್ಲ.

ಕೊನೆಗೆ ಅದು ಸಿಕ್ಕಿದ್ದು ನನ್ನ ಸೀರೆಯಲ್ಲೇ. ಫಾಲ್ಸ್ ಹೊಲಿಗೆ ಬಿಟ್ಟಿದ್ದ ಕಡೆ ಸಿಕ್ಕಿಕೊಂಡು ಕೂತಿತ್ತು. ಎದ್ದು ಗಡಿಯಾರ ನೋಡಿದರೆ ನಲವತ್ತು ನಿಮಿಷ ಕಳೆದಿತ್ತು. ಫೋನ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ರಿಂಗ್ ಆಗಿದ್ದು ಒಂದೂ ಕೇಳಿರಲಿಲ್ಲ. ಮತ್ತೆ, ಕೇಳಿ, ನನಗೆ ಹಸಿವಾಗಿತ್ತು! ಎಷ್ಟೋ ತಿಂಗಳ ಮೇಲೆ ಹೊಟ್ಟೆ ಕರೆದು ಹೇಳುವಂಥ ಹಸಿವು. ಎದೆ ಮೇಲೆ ಕೂತಿದ್ದ ಭಾರ ಎಲ್ಲಿ ಹೋಯಿತೋ. ಸಿಲಿಂಡರ್ ಬುಕ್ ಆಗಿರಲಿಲ್ಲ, ಫೀಸು ಕಟ್ಟಿರಲಿಲ್ಲ, ಉತ್ತರಪತ್ರಿಕೆಗಳು ಬ್ಯಾಗಿನಲ್ಲೇ ಇದ್ದವು. ಆದರೂ ಮನಸ್ಸು ಹಗುರ. ಕ್ಲಾಸಿನಲ್ಲಿ ಏಕಾಗ್ರತೆ ಬಗ್ಗೆ ಎಷ್ಟೋ ವರ್ಷ ಭಾಷಣ ಬಿಗಿದವಳಿಗೆ ಅದು ಏನು ಅಂತ ಗೊತ್ತಾದದ್ದು ಓಣಿಯ ನೆಲದ ಮೇಲೆ.

ಹೊರಡುವಾಗ ಕೇಳಿದೆ, ಫ್ಯಾನ್ ಯಾಕೆ ಹಾಕಿಲ್ಲ ಅಂತ. "ಗಾಳಿಗೆ ಸ್ಕ್ರೂ ಹಾರ್ತವೆ" ಅಂದರು. ಸ್ವಲ್ಪ ತಡೆದು, "ಗಿರಾಕಿ ಬ್ಯಾಗಿಗೂ ಹಾರ್ತವೆ" ಅಂದರು.

ಸರಿ, ಅಲ್ಲಿ ಆಗಿದ್ದಿಷ್ಟೇ. ನಲವತ್ತು ನಿಮಿಷ ನನ್ನ ಕೈ ಎಲ್ಲಿತ್ತೋ ಮನಸ್ಸೂ ಅಲ್ಲೇ ಇತ್ತು. ಎರಡು ಕೆಲಸ ಒಟ್ಟಿಗೆ ಮಾಡುತ್ತೇವೆ ಅಂತ ನಾವು ಜಂಭ ಕೊಚ್ಚಿಕೊಳ್ಳುತ್ತೇವೆ. ತಲೆ ಕೊಟ್ಟು ಮಾಡಬೇಕಾದ ಎರಡು ಕೆಲಸವನ್ನು ಮಿದುಳು ಒಟ್ಟಿಗೆ ಮಾಡುವುದಿಲ್ಲ. ಅತ್ತ ಒಂದು ಸಲ, ಇತ್ತ ಒಂದು ಸಲ ಜಿಗಿಯುತ್ತಿರುತ್ತದೆ. ಸಂಜೆ ಹೊತ್ತಿಗೆ ಸುಸ್ತಾಗುವುದು ಕೆಲಸ ಮಾಡಿ ಅಲ್ಲ, ಜಿಗಿದು ಜಿಗಿದು.

ನಮ್ಮ ಊರಿನ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. ಅದೇ ವರ್ಷ ಬರ್ಲಿನ್ನಿನಲ್ಲಿ ಬ್ಲೂಮಾ ಝೈಗಾರ್ನಿಕ್ ಅಂತ ಒಬ್ಬ ಹೆಣ್ಣುಮಗಳು ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಜನರಿಗೆ ಚಿಕ್ಕ ಚಿಕ್ಕ ಕೆಲಸ ಕೊಟ್ಟರು. ಮಣಿ ಪೋಣಿಸಿ, ಒಗಟು ಬಿಡಿಸಿ, ಹೀಗೆ. ಅರ್ಧ ಕೆಲಸಗಳನ್ನು ಮುಗಿಸಲು ಬಿಟ್ಟರು, ಇನ್ನರ್ಧವನ್ನು ಮಧ್ಯದಲ್ಲೇ ನಿಲ್ಲಿಸಿದರು. ಆಮೇಲೆ ಏನೇನು ನೆನಪಿದೆ ಅಂತ ಕೇಳಿದರೆ, ಮಧ್ಯದಲ್ಲಿ ಬಿಟ್ಟಿದ್ದೇ ಸುಮಾರು ಎರಡು ಪಟ್ಟು ನೆನಪಿತ್ತು. ಅರ್ಧಕ್ಕೆ ಬಿಟ್ಟ ಕೆಲಸ ತಲೆ ಬಿಟ್ಟು ಹೋಗುವುದಿಲ್ಲ ಕಣ್ರೀ. ಸಾಲಗಾರನ ಹಾಗೆ ಬಾಗಿಲಲ್ಲೇ ನಿಂತಿರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಒಳಗೆ ಬರುತ್ತದೆ. ನಿದ್ದೆ ಬರಲ್ಲ ಅನ್ನುವವರು ಒಂದು ಸಲ ಯೋಚನೆ ಮಾಡಿ, ದಿನಕ್ಕೆ ಎಷ್ಟು ಕೆಲಸ ಅರ್ಧಕ್ಕೆ ಬಿಟ್ಟು ಎದ್ದಿರಿ ಅಂತ.

"ಹಾಗಾದರೆ ಹುರುಳಿಕಾಯಿ ಬಿಡಿಸುತ್ತಾ ರೇಡಿಯೋ ಕೇಳೋದೂ ತಪ್ಪಾ?" ಅನ್ನುತ್ತೀರಿ. ತಪ್ಪು ಅಂದರೆ ನಿಲಯದವರು ಇನ್ನೊಂದು ಸಲ ನನ್ನನ್ನು ಕರೆಯುವುದಿಲ್ಲ! ನಾರು ತೆಗೆಯುವುದು ನಿಮ್ಮ ಬೆರಳಿಗೆ ಗೊತ್ತು, ಅದಕ್ಕೆ ತಲೆ ಬೇಡ. ಆದರೆ ಕಾದ ಎಣ್ಣೆ ಮುಂದೆ ನಿಂತು ಫೋನಿನಲ್ಲಿ ಜಗಳ ಆಡಬೇಡಿ. ಮಗು ಸ್ಕೂಲಿನ ಸುದ್ದಿ ಹೇಳುವಾಗ ವಾಟ್ಸಾಪ್ ನೋಡುತ್ತಾ "ಹೂಂ, ಹೂಂ" ಅನ್ನಬೇಡಿ. ಮಕ್ಕಳಿಗೆ ಅದು ಗೊತ್ತಾಗುತ್ತೆ.

ಅಯ್ಯೋ, ಗಾಜಿನ ಆ ಕಡೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಅಂತೆ. ಆ ವಾಚಿನ ಕಥೆ ಯಾವಾಗಲೂ ಹೀಗೇ ಮಾಡುತ್ತದೆ.

ನಾಳೆಯಿಂದ ಒಂದೇ ಒಂದು ಮಾಡಿ. ಹಾಲು ಕಾಯಿಸುವಾಗ ಒಲೆ ಬಿಟ್ಟು ಕದಲಬೇಡಿ. ಅರ್ಧ ಲೀಟರಿಗೆ ಐದಾರು ನಿಮಿಷ ಸಾಕು. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಕಟ್ಟುತ್ತದೆ. ಮೇಲಿನ ಕೆನೆ ಸುಕ್ಕಾಗುತ್ತದೆ. ಆಮೇಲೆ ಮಧ್ಯದಲ್ಲಿ ಉಬ್ಬಿ ಬರುತ್ತದೆ. ಅದನ್ನು ನೋಡಿ. ಸುಮ್ನೆ ನೋಡಿ. ಮನಸ್ಸು ಗ್ಯಾಸ್ ಬುಕಿಂಗಿಗೆ ಓಡಿದರೆ ಕರೆದುಕೊಂಡು ಬನ್ನಿ, ಬೈಯಬೇಡಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಹೊರಗೆ ಬಿಡುವಾಗ ಎದೆಬಡಿತ ತಾನೇ ನಿಧಾನವಾಗುತ್ತದೆ. ಕೈ ಇರುವಲ್ಲಿ ಮನಸ್ಸಿರಲಿ ಅಂದೆನಲ್ಲ, ಅದಕ್ಕೆ ಇದೇ ಅಭ್ಯಾಸ.

ಮಿಕ್ಕಿದ್ದೆಲ್ಲ ಬೇಗ ಬೇಗ. ರಾತ್ರಿ ಮಲಗುವ ಮುಂಚೆ ಉಳಿದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಫೋನಿಗೆ ಮನೆಯಲ್ಲಿ ಒಂದು ಜಾಗ ಮಾಡಿ, ಹಳೇ ಲ್ಯಾಂಡ್‌ಲೈನಿಗೆ ಇತ್ತಲ್ಲ, ಹಾಗೆ. ಇನ್ನೊಂದು, ಇದು ಮುಖ್ಯ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಹಾಲು ನೋಡಿಕೊಂಡು ನಿಂತರೆ ಹೋಗುವಂಥದ್ದಲ್ಲ. ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ನಂಬರ್ ಇನ್ನೊಂದು ಸಲ, 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

ಅಪ್ಪನ ವಾಚು ಈಗ ನನ್ನ ಕೈಯಲ್ಲಿದೆ. ದಿನಾ ಬೆಳಿಗ್ಗೆ ಹಾಲು ಕಾಯುವಾಗ ಕೀ ಕೊಡುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಟೈಮಿದೆ, ಆದರೆ ಗಾಜಿನ ಆ ಕಡೆಯವರು ಒಪ್ಪುತ್ತಿಲ್ಲ.

ನಮಸ್ಕಾರ. ಹೋಗಿ, ಮೊದಲು ಆ ಕುಕ್ಕರ್ ಆರಿಸಿ.