ಕಂಪನಿಯ ಸಾಲವನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ನಿಂತು ಸಾಲ ಅಂದರೇನು ಎಂದು ವಿವರಿಸಬೇಕಾಗಿಲ್ಲ. ಸೊಸೈಟಿಯಲ್ಲಿ ಬೆಳೆಸಾಲ ಎತ್ತಿ, ಕೊನೆಕೊಯ್ಲು ಮುಗಿದು ಚಾಲಿಯೋ ರಾಶಿಯೋ ಟೆಂಡರಿನಲ್ಲಿ ಮಾರಾಟವಾದ ಮೇಲೆ ತೀರಿಸಿದವರೇ ಇಲ್ಲಿ ಹೆಚ್ಚು. ಈಗ ನಿಮ್ಮಲ್ಲಿ ಬಹಳ ಜನ ಷೇರನ್ನೂ ಕೊಳ್ಳುತ್ತಿದ್ದೀರಿ. ಪಾಲು ಕೊಂಡ ಕಂಪನಿಯ ಸಾಲವನ್ನೂ ಮನೆಯ ಸಾಲದಷ್ಟೇ ಕಾಳಜಿಯಿಂದ ನೋಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಕೈಯಲ್ಲಿ ದುಡ್ಡಿದ್ದರೂ ಕಂಪನಿಗಳು ಸಾಲ ಮಾಡುತ್ತವೆ. ಕಟ್ಟಿದ ಬಡ್ಡಿಯನ್ನು ಖರ್ಚಿಗೆ ಬರೆದು ತೆರಿಗೆ ಉಳಿಸಬಹುದು. ಲಾಭಾಂಶಕ್ಕೆ ಆ ಸೌಲಭ್ಯವಿಲ್ಲ. ಹೊಸ ಷೇರು ಕೊಟ್ಟರೆ ಒಡೆತನ ಹಂಚಿಹೋಗುತ್ತದೆ, ಸಾಲದಲ್ಲಿ ಹಾಗಾಗದು. ಆದರೆ ದೊಡ್ಡ ಆಸೆ ಬೇರೆಯೇ ಇದೆ. ಲೆಕ್ಕ ಹಾಕೋಣ.

ಹಾಳೆತಟ್ಟೆ ಮಾಡುವ ಎರಡು ಘಟಕ, ತಲಾ 40 ಲಕ್ಷದ ಬಂಡವಾಳ. ಮೊದಲನೆಯದರಲ್ಲಿ ಎಲ್ಲವೂ ಸ್ವಂತದ್ದು. ಎರಡನೆಯದರಲ್ಲಿ ಸ್ವಂತದ್ದು 10 ಲಕ್ಷ, ಶೇ. 10ರ ಬಡ್ಡಿಗೆ ತಂದಿದ್ದು 30 ಲಕ್ಷ. ವರ್ಷಕ್ಕೆ ಬಡ್ಡಿಗೆ ಮುಂಚಿನ ಲಾಭ ತಲಾ 6 ಲಕ್ಷ ಬಂತೆನ್ನಿ. ಮೊದಲನೆಯವನಿಗೆ ಹಾಕಿದ ದುಡ್ಡಿಗೆ ಶೇ. 15 ದಕ್ಕಿತು. ಎರಡನೆಯವನು 3 ಲಕ್ಷ ಬಡ್ಡಿ ಕಟ್ಟಿಯೂ ತನ್ನ 10 ಲಕ್ಷದ ಮೇಲೆ 3 ಲಕ್ಷ, ಅಂದರೆ ಶೇ. 30 ಗಳಿಸಿದ. ಮರುವರ್ಷ ಲಾಭ 2 ಲಕ್ಷಕ್ಕೆ ಇಳಿಯಿತು. ಮೊದಲನೆಯವನಿಗೆ ಶೇ. 5 ಆದರೂ ಸಿಕ್ಕಿತು. ಎರಡನೆಯವನು 1 ಲಕ್ಷ ಕೈಯಿಂದ ಹಾಕಬೇಕಾಯಿತು. ತೆರಿಗೆಯನ್ನು ಬಿಟ್ಟು ಹೇಳಿದ್ದೇನೆ.

ಇಲ್ಲಿ 30ನ್ನು 10ರಿಂದ ಭಾಗಿಸಿದರೆ 3. ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ ಅಂದರೆ ಇದೇ. ಜನ ಇದೊಂದನ್ನೇ ನೋಡಿ ಹೆದರುತ್ತಾರೆ, ಇಲ್ಲವೇ ನೆಮ್ಮದಿಯಾಗುತ್ತಾರೆ. ವಿದ್ಯುತ್, ಹೆದ್ದಾರಿಯಂಥ ಉದ್ಯಮದಲ್ಲಿ ಈ ಅಂಕಿ ಸಹಜವಾಗಿಯೇ ಹೆಚ್ಚು, ಸಾಫ್ಟ್‌ವೇರ್‌ನಲ್ಲಿ ತೀರಾ ಕಡಿಮೆ. ನಾನಂತೂ ಮೊದಲು ನೋಡುವುದು ಬಡ್ಡಿಗೆ ಮುಂಚಿನ ಲಾಭ ಬಡ್ಡಿಯ ಎಷ್ಟು ಪಟ್ಟಿದೆ ಎಂಬುದನ್ನು. ನಮ್ಮ ಎರಡನೇ ಘಟಕಕ್ಕೆ ಒಳ್ಳೆಯ ವರ್ಷದಲ್ಲಿ ಅದು 2. ಕೆಟ್ಟ ವರ್ಷದಲ್ಲಿ ಒಂದಕ್ಕಿಂತ ಕೆಳಗೆ. ಅಸಲಿನ ಕಂತನ್ನೂ ಸೇರಿಸಿ ನೋಡಿದರೆ ಚಿತ್ರ ಇನ್ನೂ ಬಿಗಿಯಾಗುತ್ತದೆ.

ಇನ್ನು ವಾಯಿದೆ. ಬೆಳೆಸಾಲದ ವಾಯಿದೆಯನ್ನು ಫಸಲು ನೋಡಿಯೇ ಇಟ್ಟಿರುತ್ತಾರೆ. ಕಂಪನಿಗಳಲ್ಲಿ ಯಾವಾಗಲೂ ಹಾಗಿರುವುದಿಲ್ಲ. 2018ರಲ್ಲಿ ಕಂತು ತಪ್ಪಿಸಿದ ಐಎಲ್ ಅಂಡ್ ಎಫ್ಎಸ್ ಎಂಬ ಮೂಲಸೌಕರ್ಯ ಹಣಕಾಸು ಸಮೂಹದ ಮೇಲೆ ಸುಮಾರು 91,000 ಕೋಟಿ ರೂಪಾಯಿ ಸಾಲವಿತ್ತು. ದುಡ್ಡು ಹೂಡಿದ್ದು ಹತ್ತಾರು ವರ್ಷ ಕಾದು ಫಲ ಕೊಡುವ ರಸ್ತೆ, ವಿದ್ಯುತ್ ಯೋಜನೆಗಳಲ್ಲಿ. ತಂದ ಸಾಲದ ಒಂದು ದೊಡ್ಡ ಪಾಲು ಅಲ್ಪಾವಧಿಯದು. ಹೊಸ ಸಾಲ ಹುಟ್ಟದಿದ್ದಾಗ ಹಳೆಯದನ್ನು ತೀರಿಸುವ ದಾರಿಯೇ ಉಳಿಯಲಿಲ್ಲ.

ಇದನ್ನೆಲ್ಲ ಹುಡುಕುವುದು ಈಗ ಸುಲಭ. ಕಂಪನಿ ಕಾಯ್ದೆಯ ಲೆಕ್ಕಪತ್ರ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಕಂಪನಿಗಳು ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತವನ್ನೂ, ಬಡ್ಡಿಯ ಜೊತೆ ಅಸಲಿನ ಕಂತನ್ನೂ ಸೇರಿಸಿ ನೋಡುವ ಅನುಪಾತವನ್ನೂ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇ. 25ಕ್ಕೂ ಹೆಚ್ಚು ಬದಲಾಗಿದ್ದರೆ ಕಾರಣವನ್ನೂ ಬರೆಯಬೇಕು. ಆ ಕಾರಣದ ಸಾಲನ್ನು ಬಿಡದೆ ಓದಿ. ನಮ್ಮದೇ ಜಿಲ್ಲೆಯ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಷೇರುಪೇಟೆಯಲ್ಲಿರುವ ಕಂಪನಿ, ಅದರ ವರದಿಯಿಂದಲೇ ಅಭ್ಯಾಸ ಶುರು ಮಾಡಬಹುದು. ಜೊತೆಗೆ, ಅಂಗಸಂಸ್ಥೆಗಳ ಸಾಲಕ್ಕೆ ಕಂಪನಿ ಕೊಟ್ಟ ಜಾಮೀನು ಈ ಅನುಪಾತದೊಳಗೆ ಕಾಣುವುದಿಲ್ಲ. ಅದು ಸಂಭಾವ್ಯ ಹೊಣೆಗಳ ಟಿಪ್ಪಣಿಯಲ್ಲಿ ಬೇರೆಯಾಗಿ ಇರುತ್ತದೆ. ಆ ಪುಟವನ್ನೂ ತೆರೆದು ನೋಡಿ.