ಹೊತ್ತು ನೋಡಿ ಬನ್ನಿ

ಕೇಳುಗರಿಗೆ ನಮಸ್ಕಾರ. ‘ಊರಿಂದ ನೆಂಟರು ಬರುತ್ತಾರೆ, ಎರಡು ದಿನದಲ್ಲಿ ಉಡುಪಿ-ಮಂಗಳೂರಿನ ತಿಂಡಿಯನ್ನೂ ಕಲೆಯನ್ನೂ ತೋರಿಸಬೇಕು, ಎಲ್ಲೆಲ್ಲಿಗೆ ಕರೆದುಕೊಂಡು ಹೋಗಲಿ?’ ಎಂದು ಕೇಳುವವರು ಬಹಳ. ಎಲ್ಲಿಗೆ ಎನ್ನುವುದನ್ನು ಬಿಡಿ, ಎಷ್ಟು ಹೊತ್ತಿಗೆ ಎಂದು ಕೇಳಿ. ಕರಾವಳಿಯಲ್ಲಿ ತಿಂಡಿಗೂ ಹೊತ್ತಿದೆ, ವೇಷಕ್ಕೂ ಹೊತ್ತಿದೆ.

ಬನ್ಸ್ ಇದೆಯಲ್ಲ, ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ ರಾತ್ರಿಯೇ ಇಟ್ಟ ಹಿಟ್ಟು ಅದು. ಬೆಳಗ್ಗೆ ಬಾಣಲೆಯಿಂದ ಎದ್ದ ಕೂಡಲೇ ತಿನ್ನಬೇಕು. ಹನ್ನೊಂದಕ್ಕೆ ಬಂದು ತಣ್ಣಗಾದ ಬನ್ಸ್ ತಿಂದು ‘ಇಷ್ಟೇನಾ?’ ಎನ್ನುವವರಿಗೆ ಏನು ಹೇಳುವುದು! ಮೈದಾ-ಮೊಸರಿನ ದುಂಡು ಬಜ್ಜಿ ಗೋಳಿಬಜೆ ಸಂಜೆಯದು. ಕೆಸುವಿನ ಎಲೆಗೆ ಹಿಟ್ಟು ಸವರಿ ಬೇಯಿಸುವ ಪತ್ರೊಡೆ ಮಳೆಗಾಲದ್ದು, ಎಲೆ ಎಳೆಯದಾಗಿರುವಾಗ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಬಂದು ತಾಜಾ ಕಾಣೆ ಮೀನು ಬೇಕು ಎಂದು ಹಟ ಹಿಡಿಯಬೇಡಿ. ಆ ತಿಂಗಳುಗಳಲ್ಲಿ ಬಯಲಾಟವೂ, ಅಂದರೆ ಬಯಲಲ್ಲಿ ಆಡುವ ಯಕ್ಷಗಾನವೂ, ಇಲ್ಲ. ಮೇ ಕೊನೆಯ ಹೊತ್ತಿನ ಪತ್ತನಾಜೆಯ ದಿನ ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ.

ಬಯಲಾಟ ಎಂದಾಗ ಬೆಂಗಳೂರಿನ ಒಂದು ಕುಟುಂಬದ ನೆನಪಾಗುತ್ತದೆ. ಯಜಮಾನರ ಕೈಯಲ್ಲಿ ಅಚ್ಚು ಹಾಕಿಸಿದ ವೇಳಾಪಟ್ಟಿ. ‘ಎಂಟರಿಂದ ಒಂಬತ್ತು ಯಕ್ಷಗಾನ, ಒಂಬತ್ತಕ್ಕೆ ಕಾಣೆ ರವಾ ಫ್ರೈ.’ ಅವರನ್ನು ಮುಂದಿನ ಕುರ್ಚಿಗೆ ಬಿಡದೆ ಹಿಂದೆ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕಲಾವಿದರು ಕೈಗನ್ನಡಿ ಹಿಡಿದು ಕೂತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ನಿಲ್ಲಿಸುವ ಕೆಲಸ. ಒಂದು ಸಾಲು ಒಣಗಬೇಕು, ಅದರ ಪಕ್ಕಕ್ಕೆ ಇನ್ನೊಂದು ಸಾಲು. ಆ ಮನೆಯ ಹುಡುಗಿ ‘ಮುಖ ತುರಿಸುವುದಿಲ್ಲವೇ?’ ಎಂದಳು. ಅವರು ಬಾಯಿ ಬಿಡುವಂತಿಲ್ಲ, ನಕ್ಕರೆ ಚಿಟ್ಟಿ ಉದುರುತ್ತದೆ. ಹುಬ್ಬು ಮಾತ್ರ ಮೇಲೇರಿತು. ಯಜಮಾನರು ‘ಒಂಬತ್ತಾಯಿತು’ ಎಂದರು, ಹುಡುಗಿ ಕದಲಲಿಲ್ಲ. ಒಂಬತ್ತೂವರೆಗೆ ಅವರೇ ವೇಷದ ಪೆಟ್ಟಿಗೆಯ ಅಂಚಿಗೆ ಕೂತರು. ಕೊನೆಗೆ ದೊಂದಿ ಹಿಡಿದು, ಅದರ ಉರಿ ಭುಗಿಲೇಳುವಂತೆ ರಾಳದ ಪುಡಿ ಎರಚಿ, ಆರ್ಭಟಿಸುತ್ತ ಆ ವೇಷ ಸಭೆಯ ಹಿಂದಿನಿಂದ ನುಗ್ಗಿದಾಗ ಊರಿನ ಮಕ್ಕಳೆಲ್ಲ ಅಮ್ಮಂದಿರ ಸೆರಗಿಗೆ ಸೇರಿಕೊಂಡರು. ಈ ಹುಡುಗಿ ಮಾತ್ರ ಎದ್ದು ನಿಂತು ‘ಅವರು ನನಗೆ ಗೊತ್ತು!’ ಎಂದು ಕೂಗಿದಳು. ಕಾಣೆ ಫ್ರೈ ತಪ್ಪಿತು. ಗದ್ದೆಯ ಬದಿಯ ಗೂಡಂಗಡಿಯಲ್ಲಿ ಚರುಮುರಿ, ಆಮ್ಲೆಟ್ ತಿಂದರು. ಎರಡು ಗಂಟೆ ಮುಂಚೆ ಹೋಗಿದ್ದರಿಂದ ಆಟ ಸಿಕ್ಕಿತು, ನನ್ನ ಮಾತು ಇಷ್ಟೇ.

ಸಮಯ ಮುಗಿಯುತ್ತ ಬಂತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಮಂಗಳೂರನ್ನು ಓಡಿಸಿಯೇ ಹೇಳಬೇಕು. ಸಂತ ಅಲೋಶಿಯಸ್ ಚಾಪೆಲಿಗೆ ಹಗಲಲ್ಲೇ ಹೋಗಿ. 1899ರ ಆಸುಪಾಸಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ಮೇಲೆ, ಕೆಲವು ಹಸಿ ಗಾರೆಯ ಮೇಲೆ. ಹಸಿ ಗಾರೆ ಒಣಗುವ ಮುಂಚೆ ಬಣ್ಣ ಇಳಿಯಬೇಕು. ನೋಡಿ, ಅಲ್ಲಿಯೂ ಹೊತ್ತು! ಕತ್ತು ನೋಯುತ್ತದೆ, ಬೆಂಚಿನ ಮೇಲೆ ಕೂತು ನೋಡಿ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಮೂರ್ತಿ ಸಾವಿರ ವರ್ಷ ದಾಟಿದ ಕಂಚು, ಪೀಠದ ಶಾಸನ ಕ್ರಿ.ಶ. 968ರದ್ದು. ಅದಕ್ಕೊಂದು ಭಾಷಣವೇ ಬೇಕಿತ್ತು.

ಕೊನೆಯ ಸೂಚನೆ. ಬಯಲಾಟದ ಜಾಗ ದಿನಕ್ಕೊಂದು, ಹಿಂದಿನ ದಿನವೇ ಮೇಳದವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಈಗ ಅನೇಕ ಮೇಳಗಳದ್ದು ಕಾಲಮಿತಿ ಆಟ, ಮಧ್ಯರಾತ್ರಿಯ ಹೊತ್ತಿಗೆಲ್ಲ ಮಂಗಳ ಹಾಡುತ್ತಾರೆ. ಗಡ್‌ಬಡ್ ಐಸ್‌ಕ್ರೀಮ್ ತಿನ್ನುವವರು ಫೋಟೊ ಆಮೇಲೆ ತೆಗೆಯಿರಿ. ನಮಸ್ಕಾರ.