ಕರುಳಿನಿಂದ ಹುಟ್ಟಿದ ಕ್ರಿಯಾಪದ

ಕೇಳುಗರಿಗೆ ನಮಸ್ಕಾರ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಬರುವ ಒಂದು ಗ್ರೀಕ್ ಕ್ರಿಯಾಪದ ಇಂದಿನ ವಿಷಯ: ಸ್ಪ್ಲಾಂಖ್ನಿಜೊಮಾಯ್. ಹೇಳುವಾಗ ನಾಲಿಗೆ ತೊಡರಬಹುದು, ಅರ್ಥ ಮಾತ್ರ ನಮಗೆ ಹತ್ತಿರದ್ದೇ. ಸ್ಪ್ಲಾಂಖ್ನ ಎಂದರೆ ಒಡಲೊಳಗಿನ ಅಂಗಗಳು. ಹೋಮರನ ವೀರರು ಬಲಿಪಶುವಿನ ಈ ಭಾಗಗಳನ್ನು ಸುಟ್ಟು ಮೊದಲು ತಿನ್ನುತ್ತಾರೆ. ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದನ ಹೊಟ್ಟೆ ಒಡೆದು ಹೊರಬೀಳುವುದೂ ಇವೇ. ಇಂಥ ಕಸಾಯಿಖಾನೆಯ ಪದದಿಂದ ಮರುಕಕ್ಕೆ ಕ್ರಿಯಾಪದ ಹುಟ್ಟಿತು. 'ಕರುಳು ಚುರುಕ್ಕೆಂದಿತು' ಎನ್ನುವ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಕನ್ನಡ ಬೈಬಲ್ಲಿನ 'ಕನಿಕರಪಟ್ಟು' ಸರಿಯಾದ ಮಾತೇ, ಆದರೆ ಸ್ವಲ್ಪ ಮೆದು.

ಹೊಸ ಒಡಂಬಡಿಕೆಯಲ್ಲಿ ಇದು ಬರುವುದು 12 ಬಾರಿ, ಎಲ್ಲವೂ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ. ಪೌಲನು ತನ್ನ ಪತ್ರಗಳಲ್ಲಿ 'ಸ್ಪ್ಲಾಂಖ್ನ' ಎಂಬ ನಾಮಪದವನ್ನು ಧಾರಾಳವಾಗಿ ಬಳಸಿದರೂ ಕ್ರಿಯಾಪದವನ್ನು ಮುಟ್ಟುವುದಿಲ್ಲ. ಹೀಗೆ ಕರುಳು ಮಿಡಿಯುವುದು ಯೇಸುವಿಗೆ, ಇಲ್ಲವೇ ಅವನು ಹೇಳಿದ ಸಾಮ್ಯಗಳ, ಅಂದರೆ ದೃಷ್ಟಾಂತ ಕಥೆಗಳ, ಮೂವರಿಗೆ: ಸಾಲ ಬಿಟ್ಟುಕೊಟ್ಟ ಒಡೆಯ, ದುಂದುಗಾರ ಮಗನ ತಂದೆ, ಸಮಾರ್ಯದವನು.

ಸಮಾರ್ಯದವನ ಕಥೆಯನ್ನು ಲೂಕನು ಹೆಣೆದ ಬಗೆ ನೋಡಿ. ಕಳ್ಳರ ಹೊಡೆತಕ್ಕೆ ದಾರಿಯಲ್ಲಿ ಬಿದ್ದವನನ್ನು ಯಾಜಕನು 'ಕಂಡು' ಆಚೆ ಬದಿಯಿಂದ ಹೋದನು. ದೇವಾಲಯದ ಸೇವಕ ಲೇವಿಯನೂ 'ಕಂಡು' ಹೋದನು. ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದವನೂ 'ಕಂಡನು'. ಮೂರು ಕಡೆಯೂ ಅದೇ ಗ್ರೀಕ್ ಪದ. ಮೂರನೆಯವನ ನೋಟದ ಬೆನ್ನಿಗೇ ನಮ್ಮ ಕ್ರಿಯಾಪದ ಬರುತ್ತದೆ. ಆಮೇಲೆ ಕೆಲಸವೋ ಕೆಲಸ: ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ, ಪಟ್ಟಿ, ಸವಾರಿಗೆ ತನ್ನದೇ ಪ್ರಾಣಿ, ಛತ್ರದವನ ಕೈಗೆ ಎರಡು ದೆನಾರಿ ನಾಣ್ಯ. ಅಳು ಮಾತ್ರ ಎಲ್ಲಿಯೂ ಇಲ್ಲ.

ಒಂದು ಕಡೆ ಮಾತ್ರ ಜಗಳವಿದೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯನ್ನು ಮುಟ್ಟುವ ಮುನ್ನ ಯೇಸು ಮರುಗಿದನೆಂದು ಬಹುತೇಕ ಹಸ್ತಪ್ರತಿಗಳು ಹೇಳುತ್ತವೆ. ಕೇಂಬ್ರಿಡ್ಜಿನಲ್ಲಿರುವ ಬೆಜಾ ಎಂಬ ಹಳೆಯ ಹಸ್ತಪ್ರತಿಯಲ್ಲಿ ಮಾತ್ರ ಗ್ರೀಕಿನಲ್ಲಿ 'ಸಿಟ್ಟಾಗಿ' ಎಂದಿದೆ. ಲಿಪಿಕಾರನು ಸಿಟ್ಟನ್ನು ಮರುಕವಾಗಿ ತಿದ್ದಿಯಾನು, ಮರುಕವನ್ನು ಸಿಟ್ಟಾಗಿ ಏಕೆ ತಿದ್ದಬೇಕು ಎಂಬುದು ಸಿಟ್ಟೇ ಮೂಲವೆನ್ನುವ ಪಕ್ಷದ ವಾದ. ಒಂದೇ ಗ್ರೀಕ್ ಪ್ರತಿಯ ಸಾಕ್ಷ್ಯಕ್ಕೆ ಅಷ್ಟು ತೂಕ ಕೊಡಲು ನನಗೆ ಹಿಂಜರಿಕೆಯಿತ್ತು. ಆದರೆ ಇದೇ ಪ್ರಸಂಗವನ್ನು ಹೇಳುವ ಮತ್ತಾಯ, ಲೂಕ ಇಬ್ಬರೂ ಭಾವವನ್ನೇ ಕೈಬಿಟ್ಟು, ನೇರವಾಗಿ ಕೈಚಾಚಿ ಮುಟ್ಟಿದನು ಎನ್ನುತ್ತಾರೆ. ಅವರ ಮುಂದಿದ್ದುದು ಮರುಕದ ಮಾತೇ ಆಗಿದ್ದರೆ ಬಿಡುವ ಅಗತ್ಯವೇನಿತ್ತು?

ನಮಸ್ಕಾರ.